ಸತ್ಯಶುದ್ಧ ಕಾಯಕವೂ ಸಂಸ್ಥೆಯ ಲೆಕ್ಕದ ಪುಸ್ತಕವೂ

ಶರಣಸಾಹಿತ್ಯವನ್ನು ಅಭ್ಯಸಿಸುವವರಿಗೆ ಕಾಯಕ, ದಾಸೋಹ ಎಂಬ ಎರಡು ಪದಗಳು ಮೊದಲ ಪಾಠದಲ್ಲಿಯೇ ಎದುರಾಗುತ್ತವೆ. ಕಾಯದಿಂದ ಮಾಡತಕ್ಕ ದುಡಿಮೆ ಕಾಯಕ. ಆ ದುಡಿಮೆಯ ಫಲವನ್ನು ದಾಸಭಾವದಿಂದ ಸಮಾಜಕ್ಕೆ ಸಲ್ಲಿಸುವುದು ದಾಸೋಹ. ಇವೆರಡಕ್ಕೂ ಒಂದು ಕ್ರಮವುಂಟು. ಮೊದಲು ಕಾಯಕ, ಅನಂತರ ದಾಸೋಹ. ‘ಸತ್ಯಶುದ್ಧ’ ಎಂಬ ವಿಶೇಷಣವನ್ನು ಶರಣರು ಸೇರಿಸಿದ್ದು ಕಾಯಕ ಶಬ್ದಕ್ಕೆ ಎಂಬುದನ್ನೂ ಗಮನಿಸಬೇಕು. ದಾನವು ದೊಡ್ಡದೋ ಚಿಕ್ಕದೋ ಎಂಬುದಕ್ಕಿಂತ, ದಾನಕ್ಕೆ ಬಂದ ದ್ರವ್ಯವು ಯಾವ ದಾರಿಯಿಂದ ಬಂದಿತು ಎಂಬ ಪ್ರಶ್ನೆಗೆ ಅವರ ವಿಚಾರದಲ್ಲಿ ಅಗ್ರಸ್ಥಾನವಿದ್ದಿತು. ಈಚಿನ ದಿನಗಳಲ್ಲಿ ಈ ಕ್ರಮವು ತಲೆಕೆಳಗಾಗಿ, ದಾಸೋಹದ ಫಲಕವು ಬೀದಿಯಲ್ಲಿಯೂ ಕಾಯಕದ ಲೆಕ್ಕವು ಬೀಗದೊಳಗೂ ಇರುವುದನ್ನು ಅಲ್ಲಲ್ಲಿ ಕಾಣಬಹುದು. ವ್ಯಾಪಾರದ ದೊಡ್ಡ ಸಂಸ್ಥೆಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ವಿಚಾರಿಸುವುದು ಈ ಪಾಠದ ಉದ್ದೇಶ.

ಇಲ್ಲಿ ಮೊದಲೇ ಒಂದು ಶಂಕೆ ಹುಟ್ಟುತ್ತದೆ. ಕಾಯಕಕ್ಕೆ ಕಾಯ ಬೇಕು. ಕುಂಬಾರನಿಗೆ ಕೈಯುಂಟು, ಮಡಿವಾಳನಿಗೆ ಹೆಗಲುಂಟು, ಅಂಬಿಗನಿಗೆ ತೋಳುಂಟು. ಕಂಪನಿ ಎಂಬುದಕ್ಕೆ ಏನಿದೆ? ಕಾನೂನು ಅದನ್ನು ಒಬ್ಬ ವ್ಯಕ್ತಿಯೆಂದೇ ಭಾವಿಸುತ್ತದೆ. ಅದು ಆಸ್ತಿಯನ್ನು ಕೊಳ್ಳಬಲ್ಲದು, ಸಾಲ ಮಾಡಬಲ್ಲದು, ದಾವೆ ಹೂಡಬಲ್ಲದು. ಸ್ಥಾಪಕರು ಸತ್ತರೂ ತಾನು ಸಾಯದು. ಆದರೆ ಅದನ್ನು ಮುಟ್ಟಿ ನೋಡುವಂತಿಲ್ಲ, ಮುಖ ನೋಡಿ ಮಾತನಾಡಿಸುವಂತಿಲ್ಲ. ಹಳ್ಳಿಯ ಸಂತೆಯಲ್ಲಿ ಕಾಳು ಮಾರುವವನ ಅಳತೆಯನ್ನು ಕೊಳ್ಳುವವನು ಕಣ್ಣಾರೆ ಕಾಣುತ್ತಾನೆ. ಸೇರಿನ ತಳವನ್ನು ತಟ್ಟಿ ನೋಡುತ್ತಾನೆ. ಸಂಶಯ ಬಂದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ನಿವೃತ್ತನಾದ ಒಬ್ಬ ಗುಮಾಸ್ತನು ತನ್ನ ಉಳಿತಾಯದಿಂದ ಎಲ್ಲಿಯೋ ದೂರದ ಕಂಪನಿಯ ನೂರು ಷೇರುಗಳನ್ನು ಕೊಂಡರೆ ಅವನು ತಟ್ಟಿ ನೋಡಬಹುದಾದ ಸೇರು ಯಾವುದು? ಅದು ಆ ಕಂಪನಿಯ ಲೆಕ್ಕದ ಪುಸ್ತಕ. ವರ್ಷಕ್ಕೊಮ್ಮೆ ಅಚ್ಚಾಗಿ ಬರುವ ಜಮಾಖರ್ಚು, ಅಢಾವೆ ಪತ್ರಿಕೆ, ಅದರ ಕೆಳಗಿನ ಲೆಕ್ಕಪರಿಶೋಧಕರ ರುಜು ಇಷ್ಟೇ ಅವನಿಗೆ ಕಾಣುವ ಕಂಪನಿ. ಆದುದರಿಂದ ಲೆಕ್ಕದ ಪುಸ್ತಕವೇ ಸಂಸ್ಥೆಯ ಕಾಯ ಎಂದು ಹೇಳಿದರೆ ಅಲಂಕಾರವಾಗದು, ವಸ್ತುಸ್ಥಿತಿಯಾದೀತು. ಆ ಕಾಯ ಶುದ್ಧವಾಗಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹೈದರಾಬಾದಿನ ಒಂದು ಕಂಪನಿಯ ವೃತ್ತಾಂತವು ಸ್ಪಷ್ಟವಾದ ನಿದರ್ಶನವಾಗಿದೆ.

ಆ ಕಂಪನಿಯ ಹೆಸರೇ ಸತ್ಯಂ. 1987ರಲ್ಲಿ ಬಿ. ರಾಮಲಿಂಗ ರಾಜು ಅವರು ಸ್ಥಾಪಿಸಿದ ಸತ್ಯಂ ಕಂಪ್ಯೂಟರ್ ಸರ್ವೀಸಸ್ ಸಂಸ್ಥೆಯು ಎರಡು ದಶಕಗಳೊಳಗೆ ಭಾರತದ ತಂತ್ರಾಂಶ ಉದ್ಯಮದ ಮುಂಚೂಣಿಗೆ ಬಂದಿತು. 2001ರಲ್ಲಿ ಅದರ ಷೇರುಗಳು ನ್ಯೂಯಾರ್ಕಿನ ವಿನಿಮಯ ಕೇಂದ್ರದಲ್ಲಿಯೂ ನೋಂದಣಿಯಾದವು. ತನ್ನಲ್ಲಿ ಸುಮಾರು 53,000 ಮಂದಿ ಉದ್ಯೋಗಿಗಳಿದ್ದಾರೆಂದು ಸಂಸ್ಥೆಯು ಹೇಳಿಕೊಳ್ಳುತ್ತಿತ್ತು. 2008ರ ಸೆಪ್ಟೆಂಬರಿನಲ್ಲಿ ಅದಕ್ಕೆ ‘ಗೋಲ್ಡನ್ ಪೀಕಾಕ್’ ಎಂಬ ಪ್ರಶಸ್ತಿ ಬಂದಿತು. ಯಾವುದಕ್ಕಾಗಿ? ಕಂಪನಿಯ ಆಡಳಿತವನ್ನು ಉತ್ತಮ ರೀತಿಯಲ್ಲಿ ನಡೆಸಿದುದಕ್ಕಾಗಿ! ನಾಲ್ಕು ತಿಂಗಳು ತುಂಬುವುದರೊಳಗೆ ಕೊಟ್ಟವರೇ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು.

2008ರ ಡಿಸೆಂಬರ್ 16ರಂದು ಸತ್ಯಂ ಸಂಸ್ಥೆಯು ಮೇಟಾಸ್ ಎಂಬ ಹೆಸರಿನ ಎರಡು ಕಟ್ಟಡ ಮತ್ತು ಭೂವ್ಯವಹಾರದ ಕಂಪನಿಗಳನ್ನು ಸುಮಾರು 160 ಕೋಟಿ ಡಾಲರುಗಳಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಆ ಎರಡೂ ರಾಜು ಅವರ ಕುಟುಂಬಕ್ಕೆ ಸೇರಿದ ಕಂಪನಿಗಳು. ಸತ್ಯಂ ಎಂಬುದನ್ನು ರೋಮನ್ ಲಿಪಿಯಲ್ಲಿ ಬರೆದು ಕೊನೆಯಿಂದ ಮೊದಲಿಗೆ ಓದಿದರೆ ಮೇಟಾಸ್ ಆಗುತ್ತದೆ. ನಾಮಕರಣ ಮಾಡಿದವರಿಗೆ ಅದು ವಿನೋದವಾಗಿ ತೋರಿದ್ದಿರಬೇಕು. ಸತ್ಯವನ್ನು ತಲೆಕೆಳಗಾಗಿ ಓದಿದ ಈ ನಾಮಧೇಯದ ಶಕುನವನ್ನು ಮಾತ್ರ ಅಂದು ಯಾರೂ ನೋಡಿದಂತಿಲ್ಲ. ತಂತ್ರಾಂಶ ಮಾಡುವ ಕಂಪನಿಗೆ ಮನೆ ಕಟ್ಟುವ ವ್ಯವಹಾರವೇಕೆಂದು ಹೂಡಿಕೆದಾರರು ರೇಗಿದರು. ಒಂದು ದಿನ ಕಳೆಯುವುದರೊಳಗೆ ಪ್ರಸ್ತಾವವನ್ನು ಕೈಬಿಡಲಾಯಿತು. ಆದರೆ ಸಂಶಯವೆಂಬುದು ಒಮ್ಮೆ ಹೊಸಿಲು ದಾಟಿ ಬಂದರೆ ತಾನಾಗಿ ಹೊರಗೆ ಹೋಗುವುದಿಲ್ಲ.

ಮೂರು ವಾರಗಳ ಅನಂತರ, 2009ರ ಜನವರಿ 7ರಂದು, ರಾಜು ಅವರು ನಿರ್ದೇಶಕ ಮಂಡಲಿಗೆ ಒಂದು ಪತ್ರವನ್ನು ಬರೆದರು. ಅದರ ಅಂಕಿಗಳನ್ನು ವಾಚಕರು ನಿಧಾನವಾಗಿ ಓದಬೇಕು. 2008ರ ಸೆಪ್ಟೆಂಬರ್ 30ಕ್ಕೆ ಸಂಸ್ಥೆಯ ಪುಸ್ತಕದಲ್ಲಿ ಕೈಯಲ್ಲಿಯೂ ಬ್ಯಾಂಕಿನಲ್ಲಿಯೂ ಇರುವುದಾಗಿ ತೋರಿಸಿದ್ದ ಹಣ 5,361 ಕೋಟಿ ರೂಪಾಯಿ. ಅದರಲ್ಲಿ ಇಲ್ಲದೆಯೇ ಇದ್ದ ಹಣ 5,040 ಕೋಟಿ. ಅಂದರೆ ನೂರು ರೂಪಾಯಿ ಇದೆಯೆಂದು ಬರೆದ ಪೆಟ್ಟಿಗೆಯಲ್ಲಿ ಇದ್ದದ್ದು ಆರು ರೂಪಾಯಿ. ಈ ಇಲ್ಲದ ಹಣಕ್ಕೆ ಬಡ್ಡಿಯನ್ನೂ ಬರೆದಿದ್ದರು: 376 ಕೋಟಿ. ಬರಬೇಕಾದ ಬಾಕಿಯನ್ನು 490 ಕೋಟಿಯಷ್ಟು ಹೆಚ್ಚಾಗಿಯೂ, ಕೊಡಬೇಕಾದ ಹೊಣೆಯನ್ನು 1,230 ಕೋಟಿಯಷ್ಟು ಕಡಿಮೆಯಾಗಿಯೂ ತೋರಿಸಲಾಗಿತ್ತು. ಅದೇ ಸೆಪ್ಟೆಂಬರಿಗೆ ಮುಗಿದ ಮೂರು ತಿಂಗಳ ಲೆಕ್ಕವಂತೂ ಶಾಲೆಯ ಬಾಲಕರಿಗೆ ಉದಾಹರಣೆಯಾಗಿ ಕೊಡತಕ್ಕದ್ದು. ಪ್ರಕಟಿಸಿದ ಆದಾಯ 2,700 ಕೋಟಿ, ನಿಜವಾದದ್ದು 2,112 ಕೋಟಿ. ಪ್ರಕಟಿಸಿದ ವ್ಯವಹಾರದ ಲಾಭ 649 ಕೋಟಿ, ನಿಜವಾದದ್ದು 61 ಕೋಟಿ. ಕಳೆದು ನೋಡಿದರೆ ಎರಡು ಕಡೆಯೂ ಬರುವ ವ್ಯತ್ಯಾಸ ಒಂದೇ: 588 ಕೋಟಿ. ಇಲ್ಲದ ಮಾರಾಟವನ್ನು ಬರೆದರೆ ಅದಕ್ಕೆ ಖರ್ಚು ಇರುವುದಿಲ್ಲವಾದುದರಿಂದ ಅಷ್ಟೂ ಲಾಭವೇ ಆಗಿಬಿಡುತ್ತದೆ. ಆ ಲಾಭದ ಹಣವು ಎಲ್ಲಿಯಾದರೂ ಇರಬೇಕಲ್ಲ, ಆದುದರಿಂದ ಬ್ಯಾಂಕಿನಲ್ಲಿದೆಯೆಂದು ಬರೆಯಬೇಕಾಗುತ್ತದೆ. ಜೋಡಿ ನಮೂದಿನ ಪದ್ಧತಿಯಲ್ಲಿ ಒಂದು ಸುಳ್ಳಿಗೆ ಇನ್ನೊಂದು ಪುಟದಲ್ಲಿ ಜೊತೆಯ ಸುಳ್ಳು ಬೇಕೇ ಬೇಕು. ಬಾಯಿಂದ ಆಡಿದ ಸುಳ್ಳು ಗಾಳಿಗೆ ಹೋಗಬಹುದು. ಖಾತೆಗೆ ಏರಿದ ಸುಳ್ಳು ಮುಂದಿನ ವರ್ಷದ ಆರಂಭದ ಶಿಲ್ಕಾಗಿ ಎದುರಿಗೆ ಬಂದು ನಿಲ್ಲುತ್ತದೆ.

ಆ ದಿನ ಮುಂಬಯಿಯ ಪೇಟೆಯಲ್ಲಿ ಸತ್ಯಂ ಷೇರಿನ ಬೆಲೆಯು ಸುಮಾರು 179 ರೂಪಾಯಿಯಿಂದ 40 ರೂಪಾಯಿಯ ಒಳಕ್ಕೆ ಇಳಿಯಿತು.

ಇಷ್ಟು ದೊಡ್ಡ ಕಂದರವು ಒಂದು ರಾತ್ರಿಯಲ್ಲಿ ಬಿದ್ದದ್ದಲ್ಲ. ಮೊದಲಿಗೆ ವ್ಯತ್ಯಾಸವು ಅಲ್ಪವಾಗಿತ್ತು, ವ್ಯವಹಾರ ಬೆಳೆದಂತೆ ಅದೂ ಬೆಳೆದು ಕೈಮೀರಿತು ಎಂದು ಪತ್ರವೇ ಹೇಳುತ್ತದೆ. ಸ್ಥಾಪಕರ ಬಳಿ ಉಳಿದಿದ್ದ ಷೇರುಗಳು ಕಡಿಮೆ. ಫಲಿತಾಂಶ ಕೆಟ್ಟದಾಗಿ ತೋರಿದರೆ ಬೇರೆಯವರು ಕಂಪನಿಯನ್ನು ಕೊಂಡುಕೊಂಡಾರು, ಕೊಂಡರೆ ಗುಟ್ಟು ಹೊರಬಿದ್ದೀತು ಎಂಬ ಭಯ. ಹುಲಿಯ ಸವಾರಿ ಮಾಡುವವನ ಪಾಡನ್ನು ಆ ಪತ್ರದಲ್ಲಿ ಅವರು ತಮ್ಮ ಸ್ಥಿತಿಗೆ ಹೋಲಿಸಿಕೊಂಡಿದ್ದರು. ಮೇಟಾಸ್ ಕಂಪನಿಗಳನ್ನು ಕೊಳ್ಳುವ ಪ್ರಯತ್ನವು, ಇಲ್ಲದ ಹಣದ ಜಾಗದಲ್ಲಿ ನಿಜವಾದ ಆಸ್ತಿಯನ್ನು ತುಂಬುವ ಕೊನೆಯ ಉಪಾಯವಾಗಿತ್ತಂತೆ. ತಾವು ಇದರಿಂದ ಹಣ ಮಾಡಿಕೊಳ್ಳಲಿಲ್ಲವೆಂದೂ ಅವರು ಬರೆದರು. ತನಿಖೆಯವರು ಆ ಮಾತನ್ನು ಒಪ್ಪಲಿಲ್ಲ.

ಇಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಯು ನೆನಪಿಗೆ ಬರದೆ ಇರದು. ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿನದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಕದ್ದದ್ದಲ್ಲ, ಬೇಡಿದ್ದಲ್ಲ, ಅಂಗಳದಲ್ಲಿ ಬಿದ್ದದ್ದೇ. ಆದರೂ ಲಕ್ಕಮ್ಮನು ಅದನ್ನು ಒಲೆಯ ಬಳಿಗೆ ಬಿಟ್ಟುಕೊಳ್ಳಲಿಲ್ಲ. ಮಿಕ್ಕದ್ದನ್ನು ಅಲ್ಲಿಯೇ ಚೆಲ್ಲಿ ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದಳು. ಈ ಕಥೆಯನ್ನು ಅಲ್ಪತೃಪ್ತಿಯ ಉಪದೇಶವೆಂದು ಸಾಮಾನ್ಯವಾಗಿ ಹೇಳುವುದುಂಟು. ಅದು ನಿಜವೇ, ಆದರೆ ಅದರಲ್ಲಿ ಲೆಕ್ಕದ ಒಂದು ಸೂಕ್ಷ್ಮವೂ ಅಡಗಿದೆ. ನಿನ್ನೆಯ ಅಳತೆ ಲಕ್ಕಮ್ಮನಿಗೆ ಗೊತ್ತಿತ್ತು. ಇಂದಿನದು ಏಕೆ ಹೆಚ್ಚಾಯಿತೆಂದು ಅವಳು ಇಂದೇ ಕೇಳಿದಳು. ಹಿಡಿ ಅಕ್ಕಿಯಷ್ಟಿದ್ದಾಗ ಕೇಳಿದುದರಿಂದ ಮಾರಯ್ಯನಿಗೆ ಹಿಂದಿರುಗುವ ದಾರಿ ಇತ್ತು. ಅಂಗಳವು ನಾಲ್ಕು ಹೆಜ್ಜೆಯಷ್ಟೇ ದೂರ. ಹೈದರಾಬಾದಿನ ಕಂಪನಿಯಲ್ಲಿ ಮೊದಲ ವರ್ಷದ ಆ ‘ಅಲ್ಪ ವ್ಯತ್ಯಾಸ’ವನ್ನು ಕಂಡು ‘ಇದು ಎಲ್ಲಿಂದ ಬಂದಿತು’ ಎಂದು ಕೇಳುವ ಲಕ್ಕಮ್ಮನೊಬ್ಬಳು ಬೇಕಾಗಿತ್ತು. ಕೇಳಬೇಕಾದವರು ಇರಲಿಲ್ಲವೆಂದಲ್ಲ. ಅವರು ಇಬ್ಬಗೆಯಾಗಿ ಇದ್ದರು: ಲೆಕ್ಕಪರಿಶೋಧಕರು ಮತ್ತು ನಿರ್ದೇಶಕರು.

ಲೆಕ್ಕಪರಿಶೋಧಕನ ಕೆಲಸಗಳಲ್ಲಿ ಅತಿ ಸುಲಭವಾದದ್ದು ಬ್ಯಾಂಕಿನ ಶಿಲ್ಕನ್ನು ಖಚಿತಪಡಿಸಿಕೊಳ್ಳುವುದು. ಬ್ಯಾಂಕಿಗೆ ತಾನೇ ನೇರವಾಗಿ ಪತ್ರ ಬರೆದು, ಉತ್ತರವನ್ನು ತಾನೇ ನೇರವಾಗಿ ಪಡೆದರೆ ಮುಗಿಯಿತು. ಅಮೆರಿಕದ ಷೇರುಪೇಟೆಯ ನಿಯಂತ್ರಣ ಮಂಡಲಿಯು 2011ರ ಏಪ್ರಿಲಿನಲ್ಲಿ ಕೊಟ್ಟ ಆದೇಶದಲ್ಲಿ ಈ ವಿಷಯ ವಿವರವಾಗಿ ಬಂದಿದೆ. ಸತ್ಯಂ ಸಂಸ್ಥೆಯ ಲೆಕ್ಕವನ್ನು ನೋಡಿದ ಪ್ರೈಸ್ ವಾಟರ್‌ಹೌಸ್ ಬಳಗದ ಭಾರತೀಯ ಶಾಖೆಗಳು ಬ್ಯಾಂಕಿಗೆ ಪತ್ರ ಕಳುಹಿಸುವ ಮತ್ತು ಉತ್ತರ ತರಿಸಿಕೊಳ್ಳುವ ಕೆಲಸವನ್ನು ಕಂಪನಿಯ ಕೈಗೇ ಬಿಟ್ಟಿದ್ದವೆಂದು ಅಲ್ಲಿ ಹೇಳಿದೆ. ಆ ಶಾಖೆಗಳು 60 ಲಕ್ಷ ಡಾಲರುಗಳ ದಂಡವನ್ನು ತೆತ್ತವು. ಸುಳ್ಳಾಗಿ ಬರೆದ ಬಿಲ್ಲುಗಳ ಸಂಖ್ಯೆ ಆರು ಸಾವಿರಕ್ಕೂ ಮಿಕ್ಕಿತ್ತು. ಉಗ್ರಾಣದಲ್ಲಿ ಎಷ್ಟು ಚೀಲ ಅಕ್ಕಿಯಿದೆಯೆಂದು ಉಗ್ರಾಣಿಯನ್ನೇ ಕೇಳಿ, ಅವನು ಹೇಳಿದ್ದನ್ನು ಬರೆದುಕೊಂಡು, ಕೆಳಗೆ ‘ಎಣಿಸಿ ನೋಡಲಾಗಿದೆ’ ಎಂದು ರುಜು ಮಾಡಿದರೆ ಹೇಗೋ ಹಾಗಾಯಿತು. ಜಾತ್ರೆ ಮುಗಿದ ಮರುದಿನ ಚೀಲಗಳನ್ನು ಬೇರೆಯವರಿಂದ ಎಣಿಸುವ ಪದ್ಧತಿಯನ್ನು ಹಿರಿಯ ಪಾರುಪತ್ಯಗಾರರು ಇಟ್ಟುಕೊಂಡದ್ದು ಉಗ್ರಾಣಿಯು ಕಳ್ಳನೆಂದಲ್ಲ. ಎಣಿಸಿದ ಮೇಲೆ ಅವನು ಕಳ್ಳನಲ್ಲವೆಂದು ಹತ್ತು ಜನರ ಎದುರಿಗೆ ಧೈರ್ಯವಾಗಿ ಹೇಳಬಹುದು ಎಂದು.

ನಂಬಿಕೆಗೂ ಪರೀಕ್ಷೆಗೂ ವಿರೋಧವಿದೆಯೆಂದು ಅನೇಕರು ತಿಳಿಯುತ್ತಾರೆ. ‘ನನ್ನ ಮೇಲೆ ನಂಬಿಕೆಯಿಲ್ಲವೇ?’ ಎಂದು ಸಿಡುಕಿದರೆ ಲೆಕ್ಕ ಕೇಳಿದವನೇ ತಪ್ಪಿತಸ್ಥನಂತೆ ಸುಮ್ಮನಾಗುವುದುಂಟು. ಈ ಭ್ರಾಂತಿಯನ್ನು ಹೋಗಲಾಡಿಸಲು ಬಸವಣ್ಣನವರ ಚರಿತ್ರೆಯಲ್ಲಿಯೇ ಒಂದು ಪ್ರಸಂಗವುಂಟು. ಅವರು ಬಿಜ್ಜಳನ ಭಂಡಾರಿಗಳಾಗಿದ್ದಾಗ, ಅರಸನ ಬೊಕ್ಕಸವನ್ನು ಜಂಗಮರಿಗೆ ಸವೆಸುತ್ತಿದ್ದಾರೆಂದು ಕೊಂಡೆಯರು ದೂರಿದರು. ಬಿಜ್ಜಳನು ಬೊಕ್ಕಸದ ಲೆಕ್ಕವನ್ನು ಕೇಳಿದನು. ಎಣಿಸಿ ನೋಡಿದಾಗ ಒಂದು ಹಣವೂ ಕಡಿಮೆಯಾಗಿರಲಿಲ್ಲವೆಂದು ಬಸವಪುರಾಣದ ಪರಂಪರೆಯು ಹೇಳುತ್ತದೆ. ಪುರಾಣಕಾರರು ಇದನ್ನು ಪವಾಡವಾಗಿ ವರ್ಣಿಸಿದ್ದಾರೆ. ಪವಾಡದ ಅಂಶವನ್ನು ಭಕ್ತರು ತಮ್ಮ ಭಾವಕ್ಕೆ ತಕ್ಕಂತೆ ಗ್ರಹಿಸಲಿ. ಆದರೆ ಭಂಡಾರಿಯು ಲೆಕ್ಕ ಕೊಡಲು ಒಪ್ಪಿದರೆಂಬ ಅಂಶದಲ್ಲಿ ಪವಾಡವೇನೂ ಇಲ್ಲ. ‘ಭಕ್ತನನ್ನು ಸಂಶಯಿಸುವೆಯಾ’ ಎಂದು ಅವರು ಬಾಗಿಲು ಮುಚ್ಚಲಿಲ್ಲ. ಅರಸನ ಹಣವು ಅರಸನದು. ದಾಸೋಹಕ್ಕೆ ಹೋದದ್ದು ತಮ್ಮ ಸಂಬಳದ್ದು. ಈ ಗೆರೆಯು ಅವರ ಮನಸ್ಸಿನಲ್ಲಿ ಸ್ಪಷ್ಟವಾಗಿದ್ದುದರಿಂದ ಪೆಟ್ಟಿಗೆಯ ಬೀಗದ ಕೈಯನ್ನು ಮುಂದಿಡಲು ಅಳುಕಲಿಲ್ಲ. ಕೌಟಿಲ್ಯನು ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಅಧಿಕಾರಿಗಳು ಹಣವನ್ನು ಅಪಹರಿಸುವ ನಲವತ್ತು ಬಗೆಗಳನ್ನು ಎಣಿಸಿದ್ದಾನೆ. ಮನುಷ್ಯಸ್ವಭಾವವನ್ನು ಕುರಿತು ಅವನಿಗೆ ಭ್ರಮೆಗಳಿರಲಿಲ್ಲ. ಎರಡು ದೃಷ್ಟಿಗಳೂ ಒಂದೇ ಕಡೆಗೆ ಬರುತ್ತವೆ: ಒಂದು ಅಧಿಕಾರಿಯನ್ನು ಸಂಶಯಿಸಿ ಲೆಕ್ಕ ಕೇಳುತ್ತದೆ, ಇನ್ನೊಂದು ಸಂಶಯಕ್ಕೆ ಎಡೆಯಿಲ್ಲದಂತೆ ತಾನಾಗಿ ಲೆಕ್ಕ ಕೊಡುತ್ತದೆ.

ನಿರ್ದೇಶಕರ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ಸತ್ಯಂ ಮಂಡಲಿಯಲ್ಲಿ ಹೆಸರಾಂತ ಪ್ರಾಧ್ಯಾಪಕರೂ ನಿವೃತ್ತ ಉನ್ನತಾಧಿಕಾರಿಗಳೂ ಸ್ವತಂತ್ರ ನಿರ್ದೇಶಕರಾಗಿ ಕುಳಿತಿದ್ದರು. ಮೇಟಾಸ್ ಪ್ರಸ್ತಾವಕ್ಕೆ ಸಭೆಯು ಒಪ್ಪಿಗೆ ಕೊಟ್ಟಿತು. ಲೆಕ್ಕಪತ್ರಗಳು ಸುಳ್ಳೆಂದು ತಿಳಿಸುವ, ಬರೆದವರ ನಿಜವಾದ ಹೆಸರಿಲ್ಲದ ಮಿಂಚಂಚೆಯೊಂದು ಡಿಸೆಂಬರಿನಲ್ಲಿ ಒಬ್ಬ ನಿರ್ದೇಶಕರಿಗೆ ಬಂದಿತು. ತಿಂಗಳ ಕೊನೆಗೆ ಕೆಲವರು ರಾಜೀನಾಮೆ ಕೊಟ್ಟರು. ವಿದ್ವತ್ತು ಒಂದು, ಕೇಳುವ ಎದೆಗಾರಿಕೆ ಇನ್ನೊಂದು. ಮಾರಯ್ಯನ ಮನೆಯಲ್ಲಿ ಎರಡನೆಯದಿತ್ತು.

ಇನ್ನು ಈ ವೃತ್ತಾಂತದಲ್ಲಿ ಅತ್ಯಂತ ಕಠಿನವಾದ ಭಾಗಕ್ಕೆ ಬರಬೇಕು. ರಾಜು ಅವರ ಕುಟುಂಬವು 2001ರಲ್ಲಿ ಬೈರ್ರಾಜು ಪ್ರತಿಷ್ಠಾನವನ್ನು ಸ್ಥಾಪಿಸಿ ಆಂಧ್ರದ ಹಳ್ಳಿಗಳಲ್ಲಿ ಆರೋಗ್ಯ, ಶಿಕ್ಷಣ, ಕುಡಿಯುವ ನೀರಿನ ಕೆಲಸಗಳನ್ನು ಮಾಡಿತು. 2005ರಲ್ಲಿ ಅವರು ಹೈದರಾಬಾದಿನಲ್ಲಿ ತುರ್ತು ಚಿಕಿತ್ಸೆಯ ಸಂಸ್ಥೆಯೊಂದನ್ನು ಆರಂಭಿಸಿದರು. 108 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಮನೆಯ ಬಾಗಿಲಿಗೆ ಬರುವ ಆಂಬ್ಯುಲೆನ್ಸ್ ವ್ಯವಸ್ಥೆಯು ಅಲ್ಲಿ ಹುಟ್ಟಿ, ರಾಜ್ಯ ಸರ್ಕಾರಗಳ ಸಹಭಾಗಿತ್ವದಲ್ಲಿ ಒಂದೊಂದೇ ರಾಜ್ಯಕ್ಕೆ ಹರಡಿತು. ಕರ್ನಾಟಕಕ್ಕೆ ‘ಆರೋಗ್ಯ ಕವಚ’ ಎಂಬ ಹೆಸರಿನಿಂದ ಅದು ಬಂದದ್ದು 2008ರ ನವೆಂಬರಿನಲ್ಲಿ. ಹೆರಿಗೆಯ ಬೇನೆ ತಿನ್ನುವ ಹೆಂಗಸು, ಹಾವು ಕಚ್ಚಿದ ರೈತ, ರಸ್ತೆಯಲ್ಲಿ ಬಿದ್ದ ಪಯಣಿಗ ಇಂಥವರನ್ನು ಆಸ್ಪತ್ರೆಗೆ ಮುಟ್ಟಿಸಿದ ಆ ಬಂಡಿಗಳನ್ನು ಕಾಣದ ತಾಲ್ಲೂಕು ಕನ್ನಡನಾಡಿನಲ್ಲಿ ಇಲ್ಲ. ಅದರ ಮರು ತಿಂಗಳು ಮೇಟಾಸ್ ಪ್ರಸಂಗ, ಅದರ ಮರು ತಿಂಗಳು ಆ ಪತ್ರ. ಹಾಗಾದರೆ ಈ ದಾಸೋಹವನ್ನು ಏನೆನ್ನಬೇಕು?

‘ಸುಳ್ಳಿನ ಬೇರಿನಿಂದ ಬಂದದ್ದೆಲ್ಲವೂ ವಿಷ’ ಎಂದುಬಿಡುವುದು ಸುಲಭ. ಆದರೆ ಬದುಕಿದ ತಾಯಿಯ ಮುಂದೆ ನಿಂತು ಹಾಗೆ ಹೇಳಲಾಗದು. ‘ಅಷ್ಟು ಜನರ ಪ್ರಾಣ ಉಳಿಸಿದವರ ಲೆಕ್ಕದಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೆ ಏನಂತೆ’ ಎನ್ನುವವರೂ ಉಂಟು. ಅದೂ ಆಗದ ಮಾತು. ಉಳಿತಾಯವನ್ನು ಕಳೆದುಕೊಂಡ ಗುಮಾಸ್ತನ ಮುಂದೆ ನಿಂತು ಅದನ್ನೂ ಹೇಳಲಾಗದು. ಶರಣರ ವಿಚಾರದ ಕ್ರಮವು ಇಲ್ಲಿ ಸಹಾಯಕ್ಕೆ ಬರುತ್ತದೆ. ದಾಸೋಹದಲ್ಲಿ ಕೊಡುವವನು, ಪಡೆಯುವವನು, ಕೊಡುವ ಪದಾರ್ಥ ಎಂಬ ಮೂರು ಅಂಗಗಳಿವೆ. ಪಡೆದವನ ಭಾಗಕ್ಕೆ ಬಂದ ಉಪಕಾರವು ಉಪಕಾರವೇ, ಅದರಲ್ಲಿ ಕಲಂಕವಿಲ್ಲ. ಬಂಡಿಯ ಚಾಲಕನ, ದಾದಿಯ ಕಾಯಕವು ಅವರವರದು, ಅದೂ ಶುದ್ಧವಾದದ್ದೇ. ಆದರೆ ಕೊಡುವವನ ಭಾಗದಲ್ಲಿ ಆ ಉಪಕಾರವು ಅವನ ಕಾಯಕದ ಅಶುದ್ಧಿಯನ್ನು ತೊಳೆಯುವುದಿಲ್ಲ. ಒಂದು ಖಾತೆಯ ಪುಣ್ಯವನ್ನು ಇನ್ನೊಂದು ಖಾತೆಯ ಸಾಲಕ್ಕೆ ವಜಾ ಮಾಡಿಕೊಳ್ಳುವ ವ್ಯವಸ್ಥೆ ಧರ್ಮದಲ್ಲಿಲ್ಲ. ಇದಕ್ಕಿಂತಲೂ ಮುಖ್ಯವಾದ ಅನರ್ಥವೊಂದುಂಟು. ದಾನದ ಕೀರ್ತಿಯು ಲೆಕ್ಕ ಕೇಳುವವರ ನಾಲಿಗೆಯನ್ನು ಕಟ್ಟುತ್ತದೆ. ‘ಇಷ್ಟು ದೊಡ್ಡ ಧರ್ಮಿಷ್ಠರನ್ನು ಕೇಳುವುದೆಂತು’ ಎಂಬ ಸಂಕೋಚವು ಲೆಕ್ಕಪರಿಶೋಧಕನಿಗೂ ನಿರ್ದೇಶಕನಿಗೂ ಪತ್ರಿಕೆಯವನಿಗೂ ಬರುವುದು ಅಸಂಭವವಲ್ಲ. ದಾಸೋಹವು ಕಾಯಕಕ್ಕೆ ಮರೆಯಾಗಿ ನಿಂತರೆ ಕೇಡು ಇಮ್ಮಡಿಯಾಗುತ್ತದೆ.

2009ರಲ್ಲಿ ಜಿವಿಕೆ ಸಮೂಹವು ಆ ತುರ್ತು ಸೇವೆಯ ಹೊಣೆಯನ್ನು ವಹಿಸಿಕೊಂಡಿತು, ಬಂಡಿಗಳು ನಿಲ್ಲಲಿಲ್ಲ.

ಭಾರತದ 2013ರ ಕಂಪನಿ ಕಾಯಿದೆಯ 135ನೆಯ ಕಲಮನ್ನು ಈ ಹಿನ್ನೆಲೆಯಲ್ಲಿ ಓದಬೇಕು. 500 ಕೋಟಿ ರೂಪಾಯಿಯ ನಿವ್ವಳ ಮೌಲ್ಯ, ಅಥವಾ 1,000 ಕೋಟಿಯ ವಹಿವಾಟು, ಅಥವಾ 5 ಕೋಟಿಯ ನಿವ್ವಳ ಲಾಭವಿರುವ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ಪಾಲನ್ನು ಸಮಾಜದ ಕೆಲಸಕ್ಕೆ ವೆಚ್ಚ ಮಾಡತಕ್ಕದ್ದೆಂದು ಅದು ವಿಧಿಸುತ್ತದೆ. 2014ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ಶಾಲೆಗಳಿಗೆ ಕೊಠಡಿ, ಆಸ್ಪತ್ರೆಗಳಿಗೆ ಯಂತ್ರ, ಊರಿಗೆ ಶುದ್ಧ ನೀರು ಇದರಿಂದ ಬಂದಿವೆ, ಒಳ್ಳೆಯದೇ ಆಯಿತು. ಆದರೆ ‘ಸಾಮಾಜಿಕ ಹೊಣೆಗಾರಿಕೆ’ ಎಂದೊಡನೆ ಈ ಎರಡು ಪಾಲಿನ ಕಡೆಗಷ್ಟೇ ಬೆರಳು ತೋರಿಸುವ ರೂಢಿ ಬೆಳೆದಿದೆ. ಉಳಿದ ತೊಂಬತ್ತೆಂಟು ಪಾಲು ಹೇಗೆ ಬಂದಿತು? ಕೂಲಿಯವನಿಗೆ ಸಂಬಳ ಸಕಾಲಕ್ಕೆ ಹೋಯಿತೇ? ಸರಕು ಒದಗಿಸಿದ ಸಣ್ಣ ವ್ಯಾಪಾರಿಯ ಬಿಲ್ಲು ಆರು ತಿಂಗಳಿಂದ ಮೇಜಿನ ಮೇಲೆ ಮಲಗಿದೆಯೇ? ಕಾರ್ಖಾನೆಯ ಕೊಳೆ ನೀರು ಯಾವ ಹಳ್ಳಕ್ಕೆ ಸೇರಿತು? ಇವು ಹೊಣೆಗಾರಿಕೆಯ ಮೊದಲ ಅಧ್ಯಾಯ. ಮೇಲಾಗಿ, ಲಾಭದ ಅಂಕಿಯೇ ಸುಳ್ಳಾಗಿದ್ದರೆ ನೂರಕ್ಕೆ ಎರಡು ಎಂಬುದು ಯಾವ ನೂರಕ್ಕೆ ಎರಡು?

ಸಂಸ್ಥೆಯೊಂದು ನಷ್ಟವನ್ನು ಕಣ್ಣೆದುರಿಗೆ ಕಂಡೂ ಸತ್ಯದ ಕಡೆಗೆ ನಿಂತ ಉದಾಹರಣೆ ಇಲ್ಲವೇ ಎಂದು ವಾಚಕರು ಕೇಳಬಹುದು. ಉಂಟು, ಅದಕ್ಕಾಗಿ ಅಮೆರಿಕದ ಕಡೆಗೆ ಕ್ಷಣಕಾಲ ನೋಡಬೇಕು. 1982ರ ಸೆಪ್ಟೆಂಬರ್ ಕೊನೆಯಲ್ಲಿ ಷಿಕಾಗೋ ನಗರದ ಸುತ್ತಮುತ್ತ ಟೈಲೆನಾಲ್ ಎಂಬ ನೋವಿನ ಗುಳಿಗೆಯನ್ನು ನುಂಗಿದ ಏಳು ಮಂದಿ ಸತ್ತರು. ಅಂಗಡಿಗಳಿಗೆ ಹೋದ ಮೇಲೆ ಯಾರೋ ಪಾಪಿಯು ಸೀಸೆಗಳನ್ನು ಬಿಚ್ಚಿ ಗುಳಿಗೆಗಳಲ್ಲಿ ಸೈನೈಡ್ ವಿಷವನ್ನು ತುಂಬಿದ್ದನು. ತಯಾರಕರಾದ ಜಾನ್ಸನ್ ಅಂಡ್ ಜಾನ್ಸನ್ ಸಂಸ್ಥೆಯದು ತಪ್ಪಿರಲಿಲ್ಲ. ಆದರೂ ಅವರು ಜನರಿಗೆ ಗುಳಿಗೆಯನ್ನು ನುಂಗಬೇಡಿರೆಂದು ತಾವೇ ಸಾರಿ, ದೇಶದ ಅಂಗಡಿಗಳಿಂದ ಸುಮಾರು 3 ಕೋಟಿ 10 ಲಕ್ಷ ಸೀಸೆಗಳನ್ನು ಹಿಂದಕ್ಕೆ ತರಿಸಿದರು. ತಗುಲಿದ ವೆಚ್ಚ ಸುಮಾರು 10 ಕೋಟಿ ಡಾಲರು. ಬಿಚ್ಚಿದರೆ ಗುರುತು ಸಿಕ್ಕುವಂತಹ ಹೊಸ ಮುಚ್ಚಳಗಳೊಡನೆ ಔಷಧವು ಮತ್ತೆ ಪೇಟೆಗೆ ಬಂದಾಗ ಜನರು ಕೊಂಡರು. ಆ ಸಂಸ್ಥೆಯು 1943ರಿಂದಲೇ ಒಂದು ಲಿಖಿತ ನಿಯಮವನ್ನು ಇಟ್ಟುಕೊಂಡಿತ್ತು. ಅದರಲ್ಲಿ ರೋಗಿಗಳ ಹೆಸರು ಮೊದಲು, ಷೇರುದಾರರ ಹೆಸರು ಕೊನೆಗೆ. ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧಸತ್ಯವಾದೀತು. ಅದೇ ಸಂಸ್ಥೆಯ ಅದೇ ವಿಭಾಗವು 2010ರಲ್ಲಿ, ತಯಾರಿಕೆಯಲ್ಲಿಯೇ ದೋಷ ಕಂಡುಬಂದುದರಿಂದ, ಮಕ್ಕಳ ಔಷಧಗಳನ್ನು ಹಿಂದಕ್ಕೆ ತರಿಸಬೇಕಾಯಿತು. ಈ ಬಾರಿ ಹೊರಗಿನ ಪಾಪಿ ಇರಲಿಲ್ಲ. ಲಿಖಿತ ನಿಯಮವು ಗೋಡೆಯ ಮೇಲೆ ಹಾಗೆಯೇ ಇತ್ತು. ನಿನ್ನೆಯ ಹೆಪ್ಪಿನಿಂದ ಇಂದಿನ ಹಾಲು ಮೊಸರಾಗಬಹುದು. ಪಾತ್ರೆಯನ್ನು ಮಾತ್ರ ಪ್ರತಿದಿನವೂ ತೊಳೆಯಬೇಕು.

ಮರಳಿ ಹೈದರಾಬಾದಿಗೆ. ಸರ್ಕಾರವು ಹಳೆಯ ನಿರ್ದೇಶಕ ಮಂಡಲಿಯನ್ನು ತೆಗೆದು, 2009ರ ಜನವರಿ 11ರಂದು ದೀಪಕ್ ಪಾರೇಖ್, ಕಿರಣ್ ಕಾರ್ಣಿಕ್, ಸಿ. ಅಚ್ಯುತನ್ ಎಂಬ ಮೂವರನ್ನು ನೇಮಿಸಿತು. ಬಳಿಕ ಇನ್ನೂ ಮೂವರು ಸೇರಿದರು. ಅವರ ಮುಂದಿದ್ದ ಪ್ರಶ್ನೆ ಸಾಮಾನ್ಯವಾದದ್ದಲ್ಲ. ಲೆಕ್ಕವನ್ನು ನಂಬುವಂತಿಲ್ಲ, ತಿಂಗಳ ಕೊನೆಗೆ ಸಾವಿರಾರು ಮಂದಿಗೆ ಸಂಬಳ ಕೊಡಬೇಕು, ಗಿರಾಕಿಗಳು ಕೆಲಸವನ್ನು ಬೇರೆಡೆಗೆ ಒಯ್ಯದಂತೆ ಹಿಡಿಯಬೇಕು. ಪ್ರೋಗ್ರಾಮು ಬರೆಯುವ ಸಾಮಾನ್ಯ ನೌಕರನು ಯಾವ ಸುಳ್ಳನ್ನೂ ಬರೆದಿರಲಿಲ್ಲ. ಆದರೂ ಅವನ ಕೊರಳಿನಲ್ಲಿ ನೇತಾಡುತ್ತಿದ್ದ ಗುರುತುಚೀಟಿಯ ಮೇಲಿನ ಹೆಸರು ಅವನಿಗೆ ಭಾರವಾಯಿತು. ಅಪನಂಬಿಕೆಯ ಸ್ವಭಾವವೇ ಇದು. ತಪ್ಪು ಮಾಡಿದವನು ಒಬ್ಬನಾದರೆ ಅದು ಅವನ ಮನೆಯ ಬಾಗಿಲಲ್ಲಿ ನಿಲ್ಲದೆ ನೆರೆಹೊರೆಯ ಕದವನ್ನೂ ತಟ್ಟುತ್ತದೆ. ಕಲಬೆರಕೆ ಎಣ್ಣೆ ಮಾರಿದ ಒಂದು ಅಂಗಡಿಯಿಂದ ಇಡೀ ಪೇಟೆಯ ಎಣ್ಣೆಯನ್ನು ಜನರು ಮೂಸಿ ನೋಡತೊಡಗುತ್ತಾರೆ.

ಅದೇ ವರ್ಷದ ಏಪ್ರಿಲಿನಲ್ಲಿ ಟೆಕ್ ಮಹೀಂದ್ರ ಕಂಪನಿಯು ಷೇರಿಗೆ 58 ರೂಪಾಯಿಯಂತೆ ಹರಾಜಿನಲ್ಲಿ ಗೆದ್ದು ಸತ್ಯಂ ಸಂಸ್ಥೆಯನ್ನು ವಹಿಸಿಕೊಂಡಿತು. ಹೈದರಾಬಾದಿನ ವಿಶೇಷ ನ್ಯಾಯಾಲಯವು 2015ರ ಏಪ್ರಿಲ್ 9ರಂದು ರಾಜು ಅವರಿಗೂ ಇತರ ಒಂಬತ್ತು ಮಂದಿಗೂ ಏಳು ವರ್ಷಗಳ ಕಾರಾಗೃಹವಾಸವನ್ನು ವಿಧಿಸಿತು. ಮರು ತಿಂಗಳು ಮೇಲ್ಮನವಿಯ ನ್ಯಾಯಾಲಯವು ಶಿಕ್ಷೆಯನ್ನು ಅಮಾನತಿನಲ್ಲಿರಿಸಿ ಜಾಮೀನು ನೀಡಿತು. ಕಾನೂನಿನಲ್ಲಿಯೂ ಬದಲಾವಣೆಗಳಾದವು. 2013ರ ಕಾಯಿದೆಯಂತೆ, ಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳ ಮಂಡಲಿಯಲ್ಲಿ ಮೂರರಲ್ಲಿ ಒಂದು ಪಾಲಾದರೂ ಸ್ವತಂತ್ರ ನಿರ್ದೇಶಕರಿರಬೇಕು. ಒಂದೇ ಪರಿಶೋಧಕ ಸಂಸ್ಥೆಯು ಐದು ವರ್ಷಗಳ ಎರಡು ಅವಧಿಗಿಂತ ಹೆಚ್ಚು ಕಾಲ ಎಡೆಬಿಡದೆ ಅಂತಹ ಕಂಪನಿಯ ಲೆಕ್ಕವನ್ನು ನೋಡುವಂತಿಲ್ಲ. ಒಳಗಿನವರು ಭಯವಿಲ್ಲದೆ ದೂರು ಕೊಡಲು ದಾರಿಯಿರಬೇಕು. ಪರಿಶೋಧಕರ ಮೇಲೆಯೇ ಕಣ್ಣಿಡುವ ರಾಷ್ಟ್ರೀಯ ಪ್ರಾಧಿಕಾರವೊಂದು 2018ರಲ್ಲಿ ರಚಿತವಾಯಿತು. ಇವೆಲ್ಲವೂ ಲಕ್ಕಮ್ಮನ ಪ್ರಶ್ನೆಯನ್ನು ಕಾಯಿದೆಯ ಭಾಷೆಯಲ್ಲಿ ಬರೆಯುವ ಪ್ರಯತ್ನಗಳು. ಸತ್ಯಂ ಮಂಡಲಿಯಲ್ಲಿಯೂ ಸ್ವತಂತ್ರ ನಿರ್ದೇಶಕರಿದ್ದರು ಎಂಬುದನ್ನು ಮಾತ್ರ ಓದುವವರು ಮರೆಯಬಾರದು.

ಹೊಸ ಆಡಳಿತದವರಿಗೆ ಅತಿ ಹೆಚ್ಚು ಕಾಲ ಹಿಡಿದದ್ದು ಹಳೆಯ ಪುಸ್ತಕವನ್ನು ನೇರ್ಪಡಿಸುವ ಕೆಲಸ. ಬಿಲ್ಲು ಬಿಲ್ಲನ್ನೂ ನೋಡಿ, ಗಿರಾಕಿ ಇದ್ದಾನೆಯೇ, ಕೆಲಸ ನಡೆದಿತ್ತೇ, ಹಣ ಬಂದಿತ್ತೇ ಎಂದು ವಿಚಾರಿಸಿ, ತಿದ್ದಿದ ಲೆಕ್ಕಪತ್ರಗಳನ್ನು ಅವರು ಪ್ರಕಟಿಸಿದ್ದು 2010ರ ಸೆಪ್ಟೆಂಬರ್ ಕೊನೆಯಲ್ಲಿ. ಪತ್ರವು ಬಂದು ಇಪ್ಪತ್ತು ತಿಂಗಳಾದ ಮೇಲೆ. ಆ ಪತ್ರಗಳಲ್ಲಿ ಲಾಭವಿರಲಿಲ್ಲ, ಎರಡು ವರ್ಷಗಳಲ್ಲಿಯೂ ನಷ್ಟವನ್ನೇ ತೋರಿಸಿತ್ತು. ಆದರೂ ಕಂಪನಿ ಮುಚ್ಚಲಿಲ್ಲ. ಗಿರಾಕಿಗಳಲ್ಲಿ ಅನೇಕರು ಉಳಿದರು, ನೌಕರರು ಕೆಲಸ ಮಾಡುತ್ತಲೇ ಇದ್ದರು. 2013ರ ಜೂನಿನಲ್ಲಿ ಅದು ಟೆಕ್ ಮಹೀಂದ್ರದಲ್ಲಿ ವಿಲೀನವಾಯಿತು. ನಷ್ಟವನ್ನು ನಷ್ಟವೆಂದು ಬರೆದರೆ ಕಂಪನಿಯು ಉಳಿಯದೆಂಬ ಯಾವ ಭಯದಿಂದ ಮೊದಲ ಅಂಕಿಯನ್ನು ತಿದ್ದಿದ್ದರೋ, ಆ ನಷ್ಟವನ್ನು ಬರೆದ ಮೇಲೂ ಅದು ನಡೆಯಿತು.